ಪೀರ್ ಪಾಷಾ ಆಸಿಡ್ ಸುರಿಯಲಿಲ್ಲ

ನಾನು ಮದ್ದೂರಿನ ಶಾಲೆಗೆ ಮೇಷ್ಟ್ರಾಗಿ ವರ್ಗವಾಗಿ ಬಂದಾಗ ಇರಲು ಕೋಣೆ ಕೊಟ್ಟವರು ಪೀರ್ ಪಾಷಾ. ೧೯೪೧ರ ಜೂನ್ ತಿಂಗಳು. ಅದಕ್ಕೆ ಮೊದಲು ಎಂಟು ಮನೆ ಕೇಳಿದ್ದೆ. ಎಲ್ಲ ಕಡೆಯೂ ಹೆಸರು ಕೇಳಿದರು, ಕೆಂಪಸಿದ್ದಯ್ಯ ಎಂದೆ. ಊರು ಕೇಳಿದರು, ಯಲಿಯೂರಿನ ಪಕ್ಕದ್ದು ಎಂದೆ. ಊರಿನಲ್ಲಿ ಯಾವ ಬೀದಿ ಎಂದು ಕೇಳುವ ಹೊತ್ತಿಗೆ ಮಾತು ಮುಗಿದುಹೋಗುತ್ತಿತ್ತು. ಪಾಷಾ ಬೀದಿಯ ವಿಚಾರಕ್ಕೇ ಬರಲಿಲ್ಲ. ಬಾವಿ ಹಿತ್ತಲಲ್ಲಿದೆ, ಹಗ್ಗ ಹಳೆಯದು, ನೋಡಿಕೊಂಡು ನೀರು ಸೇದಿ ಎಂದರು, ಅಷ್ಟೆ.

ಆಗ ಅವರಿಗೆ ನಲವತ್ತೈದರ ಆಸುಪಾಸು. ಎತ್ತರದ ಆಳು, ಬೆನ್ನು ಮಾತ್ರ ಆಗಲೇ ಬಾಗಿತ್ತು. ಅವರ ತಂದೆ ಹುಸೇನ್ ಸಾಬರು ತಿದಿ ಹೊತ್ತುಕೊಂಡು ಮಳವಳ್ಳಿಯಿಂದ ನಿಡಘಟ್ಟದವರೆಗೆ ಊರೂರು ತಿರುಗಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಪಾಷಾ ಕೂಡ ಹತ್ತು ವರ್ಷ ಅದೇ ಕೆಲಸ ಮಾಡಿ, ಕಲಾಯಿಗೆ ಎರಚುವ ನವಸಾಗರದ ಹೊಗೆ ಕುಡಿದು ಕೆಮ್ಮು ಹತ್ತಿಸಿಕೊಂಡು, ಅದನ್ನು ಬಿಟ್ಟು ಹೆಂಡತಿಯ ಅಣ್ಣನಿಂದ ನೂಲಿಗೆ ಬಣ್ಣ ಕಟ್ಟುವುದನ್ನು ಕಲಿತಿದ್ದರು. ಹೆಂಡತಿ ರಹೀಮುನ್ನೀಸಾ. ಒಬ್ಬಳೇ ಮಗಳು ಶಮೀಮ್ ಬಾನು. ಅವಳನ್ನು ಜಲಪಾತದ ಬಳಿಯ ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ಫಿಟ್ಟರ್ ಆಗಿದ್ದ ಹುಡುಗನಿಗೆ ಕೊಟ್ಟಿದ್ದರು.

ಯುದ್ಧ ಜೋರಾದ ಮೇಲೆ ಬೆಂಗಳೂರಿನ ವ್ಯಾಪಾರಿಯೊಬ್ಬರು ಊರಾಚೆ ಹೊಳೆಯ ದಂಡೆಯಲ್ಲಿ ಬಣ್ಣದ ಕಾರ್ಖಾನೆ ಹಾಕಿಸಿದರು. ಮಳವಳ್ಳಿ ಕಡೆಯ ಮಗ್ಗಗಳಿಂದ ಕಂಬಳಿ ಗಾಡಿಗಳಲ್ಲಿ ಬರುತ್ತಿತ್ತು. ಇಲ್ಲಿ ಅದಕ್ಕೆ ಖಾಕಿ ಬಣ್ಣ ಕಟ್ಟಿ ರೈಲಿಗೆ ಹಾಕಿದರೆ ಮಿಲಿಟರಿಗೆ ಹೋಗುತ್ತಿತ್ತು. ಕಂಬಳಿ ಬೇಯಿಸುವ ದೊಡ್ಡ ಬಾನಿಗಳು ಮೂರಿದ್ದವು. ಪಾಷಾ ಅವುಗಳ ಮೇಸ್ತ್ರಿ. ಬೆಳಗಿನಿಂದ ಸಂಜೆಯವರೆಗೆ ಹಬೆಯ ಪಕ್ಕದಲ್ಲಿ ನಿಂತು, ಉದ್ದನೆಯ ಕೋಲಿನಿಂದ ನೆನೆದ ಕಂಬಳಿಗಳನ್ನು ಮೇಲೆ ಕೆಳಗೆ ಮಾಡುವುದು. ನೆನೆದ ಕಂಬಳಿಯ ಭಾರ ಎತ್ತಿದವರಿಗೇ ಗೊತ್ತು. ಸಂಜೆ ಮನೆಗೆ ಬಂದವರು ಮುಖ ಕೂಡ ತೊಳೆಯದೆ ಜಗಲಿಯ ಕಲ್ಲಿನ ಮೇಲೆ ಮಲಗಿಬಿಡುತ್ತಿದ್ದರು. ನಾನೂ ಐವತ್ತಾರು ಹುಡುಗರಿಗೆ ವಿಜ್ಞಾನ, ಗಣಿತ ಎರಡನ್ನೂ ಪಾಠ ಹೇಳಿ ಬಂದು ಆ ಜಗಲಿಯ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದೆ. ಒಬ್ಬರಿಗೊಬ್ಬರು ಮಾತಾಡದೆ ಎಷ್ಟೋ ಸಂಜೆ ಕಳೆದಿದ್ದೇವೆ.

೧೯೪೩ರ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬರುವ ಹೊತ್ತಿಗೆ ಪಾಷಾ ಆಗಲೇ ಜಗಲಿಯ ಮೇಲಿದ್ದರು. ಮಲಗಿರಲಿಲ್ಲ, ಕೂತಿದ್ದರು. ಕೆಲಸದಿಂದ ತೆಗೆದಿದ್ದರು.

ಆದದ್ದು ಇಷ್ಟು. ಹಿಂದಿನ ವಾರ ಕಳಿಸಿದ ಇನ್ನೂರು ಕಂಬಳಿಗಳನ್ನು ಮಿಲಿಟರಿಯವರು ವಾಪಸ್ಸು ಮಾಡಿದ್ದರು. ಬಣ್ಣ ಎಲ್ಲ ಕಡೆ ಒಂದೇ ಸಮ ಹಿಡಿದಿರಲಿಲ್ಲ. ಅಂಚು ಕಪ್ಪಿಟ್ಟು, ನಡುವೆ ಮಚ್ಚೆ ಮಚ್ಚೆಯಾಗಿತ್ತು. ಬೆಂಗಳೂರಿನಿಂದ ಬಂದ ಮಿಲಿಟರಿಯ ಇನ್‌ಸ್ಪೆಕ್ಟರು ಬಾನಿಯಲ್ಲಿ ಉಳಿದ ನೀರಿಗೆ ನೀಲಿ ಲಿಟ್ಮಸ್ ಕಾಗದ ಅದ್ದಿ ನೋಡಿದರೆ ಅದು ಕೆಂಪಗಾಯಿತು. ನೀರಿನಲ್ಲಿ ಆಮ್ಲ ಇದೆ ಎಂದು ಅದರರ್ಥ. ಉಣ್ಣೆಯ ಬಾನಿಗೆ ಒಮ್ಮೆಗೇ ಆಸಿಡ್ ಸುರಿದರೆ ಬಣ್ಣ ಬೇಗ ಹಿಡಿದು ಹೀಗೆ ಮಚ್ಚೆಯಾಗುತ್ತದೆಂದು ಮ್ಯಾನೇಜರಿಗೆ ಗೊತ್ತಿತ್ತು. ಉಗ್ರಾಣದಲ್ಲಿ ಗಂಧಕಾಮ್ಲದ ದೊಡ್ಡ ಜಾಡಿಯೊಂದಿತ್ತು, ಅದರ ಬೀಗದ ಕೈ ಪಾಷಾ ಅವರ ಸೊಂಟದಲ್ಲಿತ್ತು. ಬೇಗ ಮುಗಿಸಿ ಮನೆಗೆ ಹೋಗುವ ಆಸೆಗೆ ಆಸಿಡ್ ಸುರಿದಿದ್ದಾನೆ ಎಂದು ಮ್ಯಾನೇಜರು ತೀರ್ಮಾನ ಮಾಡಿದರು. ಜಾಡಿಯಲ್ಲಿ ಮೊದಲು ಎಷ್ಟಿತ್ತು ಎಂದು ಯಾರೂ ಅಳೆದಿಟ್ಟಿರಲಿಲ್ಲ.

ಪಾಷಾ ಇದನ್ನೆಲ್ಲ ಬೇರೆ ಯಾರಿಗೋ ಆದದ್ದು ಎನ್ನುವ ಹಾಗೆ ಹೇಳಿದರು. ಬಾನಿಗೆ ತಾನು ಹಾಕಿದ್ದು ನೀರು, ಬಣ್ಣ, ಅಮೋನಿಯಂ ಸಲ್ಫೇಟ್, ಇಷ್ಟೇ ಎಂದರು. ಕಬ್ಬಿನ ಗದ್ದೆಗೆ ಎರಚುವ ಬಿಳಿ ಗೊಬ್ಬರವೇ ಅದು. ಕಾರ್ಖಾನೆಯಲ್ಲಿ ಅದಕ್ಕೆ ಉಪ್ಪು ಎನ್ನುತ್ತಿದ್ದರು. ಬಣ್ಣ ಸಮವಾಗಿ ಹಿಡಿಯಲು ಉಪ್ಪು ಹಾಕಬೇಕೆಂದು ಬಣ್ಣದ ಡಬ್ಬಿಯ ಜೊತೆ ಬಂದ ಕಾಗದದಲ್ಲಿ ಬರೆದಿತ್ತು.

"ನಾ ಆಸಿಡ್ ಮುಟ್ನಿಲ್ಲ ಮೇಷ್ಟ್ರೇ," ಎಂದರು. "ಉಪ್ಪು ಹಾಕ್ದೆ, ಅಷ್ಟೆಯ. ನೀವು ಓದ್ದೋರು. ಉಪ್ಪಿಂದ ಹುಳಿ ಬತ್ತದಾ, ಯೋಳಿ."

ಇಂಟರ್‌ಮೀಡಿಯೆಟ್‌ನಲ್ಲಿ ನಾನು ಕಲಿತದ್ದು, ಹನ್ನೆರಡು ವರ್ಷದಿಂದ ಹುಡುಗರಿಗೆ ಕಲಿಸುತ್ತಿದ್ದದ್ದು ಒಂದೇ ಪಾಠ. ಆಮ್ಲಕ್ಕೆ ಕ್ಷಾರ ಸೇರಿದರೆ ಉಪ್ಪು, ನೀರು. ಆಮ್ಲದ ಗುಣ ಹೋಯಿತು, ಕ್ಷಾರದ ಗುಣವೂ ಹೋಯಿತು. ಉಪ್ಪು ಅದೂ ಅಲ್ಲ, ಇದೂ ಅಲ್ಲ. ನಾನು ಅದನ್ನೇ ಹೇಳಿದೆ.

"ಪುಸ್ತಕದ ಪ್ರಕಾರ ಬರಲ್ಲ ಸಾಬ್ರೇ."

"ಅಂಗಾರೆ ನೀವೂ ನಾನೇ ಉಯ್ದೆ ಅಂತೀರಾ?"

ನಿಜ ಹೇಳಬೇಕೆಂದರೆ, ದಣಿದ ಮನುಷ್ಯ, ಕೈ ತಪ್ಪಿ ಮಾಡಿರಬಹುದು ಎಂದು ಆ ಕ್ಷಣ ನನಗೂ ಅನ್ನಿಸಿತ್ತು. ಅವರು ನನ್ನ ಮುಖ ನೋಡಿ ಅದನ್ನು ತಿಳಿದುಕೊಂಡರು. ಎದ್ದು ಒಳಗೆ ಹೋದರು.

ಸ್ವಲ್ಪ ಹೊತ್ತಾದ ಮೇಲೆ ರಹೀಮುನ್ನೀಸಾ ಬಾಗಿಲ ಪರದೆಯ ಹಿಂದೆ ಬಂದು ನಿಂತರು. ಎರಡೂವರೆ ವರ್ಷದಲ್ಲಿ ಅವರು ನನ್ನ ಜೊತೆ ನೇರವಾಗಿ ಆಡಿದ ಮಾತು ಹತ್ತೂ ಇರಲಿಕ್ಕಿಲ್ಲ. "ನಮ್ಮನೆಯೋರು ಸುಳ್ಳು ಯೋಳಿದ್ರೆ ಮಕ ಕೆಳಗಾಕ್ತಾರೆ ಮೇಷ್ಟ್ರೇ," ಎಂದರು. "ಈ ಸಲ ಹಾಕ್ನಿಲ್ಲ."

ಆ ಮಾತು ಹಿಡಿದುಕೊಂಡು ನಾನು ಎರಡು ದಿನ ಒದ್ದಾಡಿದೆ. ಮೂರನೆಯ ದಿನ ಪಾಷಾ ಅವರಿಗೆ, ಭಾನುವಾರ ಶಾಲೆಯ ಪ್ರಯೋಗಶಾಲೆಗೆ ಬನ್ನಿ, ಒಂದಿಷ್ಟು ಉಪ್ಪು ತನ್ನಿ ಎಂದೆ. ಅವರಿಗೇನೂ ಉತ್ಸಾಹವಿರಲಿಲ್ಲ. ಆದರೂ ಹೋದರು. ಕಾರ್ಖಾನೆಗೆ ಕಾಲಿಡುವ ಹಾಗಿರಲಿಲ್ಲ, ಅದಕ್ಕೆ ನಿಡಘಟ್ಟದವರೆಗೆ ನಡೆದು, ಕಬ್ಬು ಬೆಳೆಯುವ ಬೋರಯ್ಯನೆಂಬ ಪರಿಚಯದವನ ಗೊಬ್ಬರದ ಚೀಲದಿಂದ ಎರಡು ಹಿಡಿ ತಂದರು.

ನಮ್ಮ ಪ್ರಯೋಗಶಾಲೆ ಎಂದರೆ ಎರಡು ಬೀರು, ಒಂದು ಸ್ಪಿರಿಟ್ ದೀಪ, ಕಾಲು ಅಲ್ಲಾಡುವ ಮೇಜು. ಉಪ್ಪನ್ನು ನೀರಿನಲ್ಲಿ ಕರಗಿಸಿ ನೀಲಿ ಕಾಗದ ಅದ್ದಿದೆ. ಬಣ್ಣ ಒಂದಿಷ್ಟು ಮಂಕಾಯಿತೋ ಇಲ್ಲವೋ ಎನ್ನುವಷ್ಟು ಬದಲಾಯಿತು. ಇದರಿಂದ ಯಾರನ್ನೂ ಒಪ್ಪಿಸಲು ಆಗುವುದಿಲ್ಲ ಎಂದು ಕಾಗದ ಕೆಳಗಿಟ್ಟೆ.

ಪಾಷಾ ಬೆಂಚಿನ ಮೇಲೆ ಕೂತು ನೋಡುತ್ತಿದ್ದರು. "ತಣ್ಣೀರಲ್ಲಿ ಯಾರು ಕಂಬಳಿ ಬೇಯಿಸ್ತಾರೆ ಮೇಷ್ಟ್ರೇ," ಎಂದರು. "ಕುದಿಸಿ."

ಕುದಿಸಿದೆವು. ಅರ್ಧ ಗಂಟೆ ಆಗಿರಬೇಕು. ನೀರು ಇಂಗುತ್ತಾ ಬಂದಾಗ ಪಾಷಾ ಎದ್ದು ಬಂದು ಹಬೆಗೆ ಮೂಗೊಡ್ಡಿದರು. ಬಾನಿಯ ಹತ್ತಿರ ಇದೇ ಘಾಟು, ಅದರಿಂದಲೇ ಕಣ್ಣು ಹೀಗೆ ಕೆಂಪಗಿರುವುದು ಎಂದರು. ತಲೆನೋವು ಬಂದಾಗ ಸುಣ್ಣಕ್ಕೆ ನವಸಾಗರ ಸೇರಿಸಿ ಅಂಗೈಯಲ್ಲಿ ತಿಕ್ಕಿ ಮೂಸುತ್ತಾರಲ್ಲ, ಅದೇ ವಾಸನೆ ಎಂದರು. ಮೂಸಿ ನೋಡಿದರೆ ಹೌದು, ಅಮೋನಿಯಾ. ಅಮೋನಿಯಾ ಕ್ಷಾರ. ಕೆಂಪು ಕಾಗದವನ್ನು ಒದ್ದೆ ಮಾಡಿ ಹಬೆಗೆ ಹಿಡಿದೆ. ನಿಧಾನವಾಗಿ ಅದು ನೀಲಿಯಾಯಿತು. ಆಮೇಲೆ ಉಳಿದ ನೀರಿಗೆ ನೀಲಿ ಕಾಗದ ಅದ್ದಿದೆ. ಅದು ಕೆಂಪಾಯಿತು, ಈ ಸಲ ಅನುಮಾನಕ್ಕೆ ಎಡೆಯಿಲ್ಲದಷ್ಟು.

ಒಂದೇ ಪಾತ್ರೆಯಿಂದ ಮೇಲೆ ಕ್ಷಾರ ಹೋಗುತ್ತಿದೆ, ಕೆಳಗೆ ಆಮ್ಲ ಉಳಿಯುತ್ತಿದೆ. ಹಾಕಿದ್ದು ಅದೂ ಅಲ್ಲದ ಇದೂ ಅಲ್ಲದ ಉಪ್ಪು. ಹನ್ನೆರಡು ವರ್ಷ ನಾನು ಕಲಿಸಿದ್ದು ಪೂರ್ತಿ ನಿಜವಲ್ಲ ಎನ್ನುವುದಕ್ಕಿಂತ ಹೆಚ್ಚಾಗಿ, ಆ ಪುಸ್ತಕವನ್ನು ನಂಬಿ ಎದುರಿಗಿದ್ದ ಮನುಷ್ಯನನ್ನು ಅನುಮಾನಿಸಿದ್ದು ಚುಚ್ಚುತ್ತಿತ್ತು. ತಪ್ಪಾಯಿತು ಎಂದೆ. ದೀಪ ಆರಿಸಿ, ಸ್ಪಿರಿಟ್ ದಂಡ ಎಂದರು ಪಾಷಾ.

ಆದರೆ ಕಾಗದದ ಬಣ್ಣ ತೋರಿಸಿದರೆ ಸಾಲದು, ಕಾರಣ ಕೇಳುತ್ತಾರೆ. ಮುಂದಿನ ವಾರ ರಜೆ ಹಾಕಿ ರೈಲಿನಲ್ಲಿ ಮೈಸೂರಿಗೆ ಹೋದೆ. ನನ್ನ ಜೊತೆ ಓದಿದ ಶಿವಯ್ಯ ಅಲ್ಲಿ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಪ್ರಯೋಗ ತೋರಿಸುವ ಕೆಲಸದಲ್ಲಿದ್ದ. ನನ್ನ ಮಾತು ಕೇಳಿ ಅವನು ನಕ್ಕ. ಆಮ್ಲ, ಕ್ಷಾರಗಳನ್ನು ನೋಡುವ ಹೊಸ ರೀತಿಯೊಂದನ್ನು ಯೂರೋಪಿನವರು ಇಪ್ಪತ್ತು ವರ್ಷದ ಹಿಂದೆಯೇ ಹೇಳಿದ್ದಾರೆ, ನಮ್ಮ ಪಠ್ಯಕ್ಕೆ ಇನ್ನೂ ಬಂದಿಲ್ಲ ಎಂದ. ಹಳೆಯ ಕಾಗದದ ಹಿಂದುಗಡೆ ಬರೆದು ವಿವರಿಸಿದ.

ಹೈಡ್ರೋಜನ್ನಿನ ಒಂದು ಚೂರು ಇದೆ ಎಂದಿಟ್ಟುಕೋ. ಅದನ್ನು ಬಿಟ್ಟುಕೊಡುವ ವಸ್ತು ಆಮ್ಲ, ಅದನ್ನು ಎತ್ತಿಕೊಳ್ಳುವ ವಸ್ತು ಕ್ಷಾರ. ಈಗ ಯೋಚನೆ ಮಾಡು, ಚೂರನ್ನು ಬಿಟ್ಟುಕೊಟ್ಟ ಆಮ್ಲದಲ್ಲಿ ಉಳಿದದ್ದು ಏನು? ಅದು ಆ ಚೂರನ್ನು ವಾಪಸ್ಸು ಎತ್ತಿಕೊಳ್ಳಬಲ್ಲದು, ಆದ್ದರಿಂದ ಅದೇ ಕ್ಷಾರ. ಹೀಗೆ ಪ್ರತಿ ಆಮ್ಲಕ್ಕೂ ಅದರ ಜೋಡಿ ಕ್ಷಾರವಿದೆ, ಪ್ರತಿ ಕ್ಷಾರಕ್ಕೂ ಜೋಡಿ ಆಮ್ಲವಿದೆ. ನಡುವೆ ವ್ಯತ್ಯಾಸ ಆ ಒಂದು ಚೂರಿನದು ಮಾತ್ರ. ಅಮೋನಿಯಾ ಕ್ಷಾರ. ಅದು ಚೂರು ಎತ್ತಿಕೊಂಡರೆ ಅಮೋನಿಯಂ ಆಗುತ್ತದೆ, ನಿನ್ನ ಉಪ್ಪಿನಲ್ಲಿರುವುದು ಅದೇ. ಅಮೋನಿಯಂ ಎಂದರೆ ಅಮೋನಿಯಾದ ಜೋಡಿ ಆಮ್ಲ. ಮೆತ್ತಗಿನ ಆಮ್ಲ, ತಣ್ಣೀರಿನಲ್ಲಿ ಇರುವುದೇ ತಿಳಿಯುವುದಿಲ್ಲ. ಅಲ್ಲಿ ಅದು ಚೂರನ್ನು ನೀರಿಗೆ ಕೊಡುತ್ತದೆ, ಮತ್ತೆ ತೆಗೆದುಕೊಳ್ಳುತ್ತದೆ, ಕೊಡುತ್ತದೆ, ತೆಗೆದುಕೊಳ್ಳುತ್ತದೆ. ಕುದಿಸಿದೆಯೋ, ಚೂರು ಕೊಟ್ಟು ಅಮೋನಿಯಾ ಆದದ್ದು ಹಬೆಯ ಜೊತೆ ಹೊರಟುಹೋಗುತ್ತದೆ. ವಾಪಸ್ಸು ತೆಗೆದುಕೊಳ್ಳುವವರು ಇಲ್ಲ. ಚೂರು ನೀರಿನಲ್ಲೇ ಉಳಿಯಿತು, ಅದೇ ಹುಳಿ.

ಹಾಗಾದರೆ ಉಪ್ಪಿನ ಇನ್ನೊಂದು ಅರ್ಧ, ಆ ಸಲ್ಫೇಟ್, ಅದು ಎತ್ತಿಕೊಳ್ಳಬಹುದಲ್ಲ ಎಂದು ಕೇಳಿದೆ. ಶಿವಯ್ಯ ತಲೆಯಾಡಿಸಿದ. ಆಮ್ಲ ಎಷ್ಟು ಜೋರಿನದೋ ಅದರ ಜೋಡಿ ಕ್ಷಾರ ಅಷ್ಟು ನಿಶ್ಶಕ್ತ. ಗಂಧಕಾಮ್ಲ ಭಾರಿ ಜೋರಿನದು, ಅದರ ಕಡೆಯಿಂದ ಬಂದ ಸಲ್ಫೇಟಿಗೆ ಚೂರು ಎತ್ತಿಕೊಳ್ಳುವ ಆಸಕ್ತಿ ಬಹಳ ಕಡಿಮೆ ಎಂದ.

ವಾಪಸ್ಸು ಬಂದು ಪಾಷಾ ಅವರಿಗೆ ಇದನ್ನು ನನಗೆ ತಿಳಿದ ಮಟ್ಟಿಗೆ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡರು. ನಿದ್ದೆ ಬಂತೇನೋ ಎಂದುಕೊಂಡೆ. ಆಮೇಲೆ ಅವರೇ ಮಾತು ತೆಗೆದರು. ನವಸಾಗರವೂ ಅಮೋನಿಯಂನದೇ ಒಂದು ಉಪ್ಪು. ಕಾದ ಪಾತ್ರೆಗೆ ಅದನ್ನು ಎರಚಿದರೆ ಎದ್ದು ಹೋಗುವ ಬಿಳಿ ಹೊಗೆ ಗೋಡೆಗೆ ತಾಗಿ, ಮಾರನೆಯ ದಿನ ಕೆರೆದರೆ ಮತ್ತೆ ನವಸಾಗರವೇ ಸಿಗುತ್ತಿತ್ತಂತೆ. ಬಿಸಿಗೆ ಬೇರೆಯಾದದ್ದು ತಣ್ಣಗಾದ ಮೇಲೆ ಸೇರುತ್ತದೆ ಎಂದು ತಮ್ಮ ತಂದೆ ಹೇಳುತ್ತಿದ್ದರಂತೆ. "ನಮ್ಮಪ್ಪಂಗೆ ಗೊತ್ತಿತ್ತು," ಎಂದರು. "ಹೆಸ್ರು ಗೊತ್ತಿರ್ನಿಲ್ಲ."

ಮತ್ತೆ ಎದ್ದು ಕೂತು ಇನ್ನೊಂದು ವಿಷಯ ಹೇಳಿದರು. ಡಿಸೆಂಬರಿಗೆ ಮೊದಲು ದಿನಕ್ಕೆ ಎರಡು ಸಲ ಬಾನಿ ಏರಿಸುತ್ತಿದ್ದರು, ಎಂದರೆ ಎರಡು ಸುತ್ತು ಕಂಬಳಿ ಬೇಯಿಸುತ್ತಿದ್ದರು. ಉಪ್ಪನ್ನು ನಾಲ್ಕು ಸಲ ಮಾಡಿ ಹಾಕಿ, ಮೇಲೆ ಹಲಗೆ ಮುಚ್ಚಿ, ಉರಿ ಸಣ್ಣಗೆ ಇಟ್ಟು ಬೇಯಿಸುತ್ತಿದ್ದರು. ಮಿಲಿಟರಿಯ ಬೇಡಿಕೆ ಹೆಚ್ಚಿತೆಂದು ಮ್ಯಾನೇಜರು ಮೂರು ಸಲ ಏರಿಸಿ ಎಂದರು. ಉಪ್ಪೆಲ್ಲ ಒಂದೇ ಸಲ ಹಾಕಿ, ಉರಿ ಹೆಚ್ಚಿಸಿ, ಹಲಗೆ ತೆಗೆದು ತಿರುವಿ ಎಂದರು. ಉರಿ ಹಾಕುವವನು ಚಿಕ್ಕಮಾದು, ಅವನಿಗೂ ಹಾಗೆಯೇ ಹೇಳಿದರು. ಇಬ್ಬರೂ ಹೇಳಿದ್ದನ್ನು ಮಾಡಿದರು.

ಅಲ್ಲಿಗೆ ಎಲ್ಲ ಸ್ಪಷ್ಟವಾಯಿತು. ಅಮೋನಿಯಾ ನಿಧಾನವಾಗಿ ಹೋದರೆ ಹುಳಿ ನಿಧಾನವಾಗಿ ಏರುತ್ತದೆ, ಬಣ್ಣ ಸಮವಾಗಿ ಹಿಡಿಯುತ್ತದೆ. ಒಮ್ಮೆಗೇ ಹೋದರೆ ಆಸಿಡ್ ಸುರಿದದ್ದೂ ಒಂದೇ, ಇದೂ ಒಂದೇ.

ಜನವರಿಯಲ್ಲಿ ಇನ್‌ಸ್ಪೆಕ್ಟರು ಮತ್ತೆ ಬರುವ ದಿನ ತಿಳಿದುಕೊಂಡು ನಾನು ಕಾರ್ಖಾನೆಗೆ ಹೋದೆ. ಪಾಷಾ ಬರಲು ಒಪ್ಪಲಿಲ್ಲ. ಬೇಡ ಬುಡಿ ಮೇಷ್ಟ್ರೇ ಎಂದು ಎರಡು ಸಲ ಹೇಳಿದರು. ರಹೀಮುನ್ನೀಸಾ ತೊಳೆದ ಅಂಗಿ ತಂದು ಅವರ ತೊಡೆಯ ಮೇಲಿಟ್ಟ ಮೇಲೆ ಎದ್ದರು.

ಮ್ಯಾನೇಜರು ನಮ್ಮನ್ನು ಬಾಗಿಲಲ್ಲೇ ತಡೆಯಲು ನೋಡಿದರು. ಇನ್‌ಸ್ಪೆಕ್ಟರು ಮದ್ರಾಸಿನ ಕಡೆಯವರು, ಕನ್ನಡ ಬಾರದು. ಅವರಿಗೆ ನಾನು ಇಂಗ್ಲಿಷಿನಲ್ಲಿ ವಿಷಯ ಹೇಳಿದೆ. ಒಂದು ಗಂಟೆ ಕೊಡುತ್ತೇನೆ ಎಂದರು. ಬಾನಿಯ ಮನೆಯಲ್ಲೇ, ಕಾರ್ಖಾನೆಯದೇ ಉಪ್ಪನ್ನು ಅವರ ಕೈಯಿಂದಲೇ ಹೊಳೆಯ ನೀರಿಗೆ ಹಾಕಿಸಿದೆ. ಆಸಿಡ್ಡಿನ ಜಾಡಿ ಉಗ್ರಾಣದಲ್ಲಿ ಬೀಗದೊಳಗಿತ್ತು, ಈಗ ಬೀಗದ ಕೈ ಮ್ಯಾನೇಜರ ಜೇಬಿನಲ್ಲಿತ್ತು. ಚಿಕ್ಕಮಾದು ಜೋರು ಉರಿ ಹಾಕಿದ. ಹಬೆಗೆ ಹಿಡಿದ ಕೆಂಪು ಕಾಗದ ನೀಲಿಯಾಯಿತು. ನೀರಿಗೆ ಅದ್ದಿದ ನೀಲಿ ಕಾಗದ ಕೆಂಪಾಯಿತು. ಇನ್‌ಸ್ಪೆಕ್ಟರು ತಾವೇ ಇನ್ನೊಂದು ಸಲ ಅದ್ದಿ ನೋಡಿದರು. ಇನ್ನೊಂದು ಪಾತ್ರೆಯಲ್ಲಿ ಅದೇ ಉಪ್ಪು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿಟ್ಟದ್ದರಲ್ಲಿ ಕಾಗದ ಅಷ್ಟು ಬೇಗ ಕೆಂಪಾಗಲಿಲ್ಲ.

ನಾನು ಅಮೋನಿಯಾದ ಜೋಡಿಯ ವಿಷಯ, ದಿನಕ್ಕೆ ಮೂರು ಸಲ ಬಾನಿ ಏರಿಸಿದ ವಿಷಯ ಎರಡನ್ನೂ ವಿವರಿಸಿದೆ. ಮ್ಯಾನೇಜರು ಪೂರ್ತಿ ಕೇಳಿ ಕನ್ನಡದಲ್ಲಿ, ಸರಿ, ಆಸಿಡ್ ಸುರಿದಿಲ್ಲ ಎಂದಾಯಿತು, ಹಾಗಾದರೆ ಉರಿ ಹೆಚ್ಚು ಮಾಡಿದ್ದೇ ತಪ್ಪು, ಉರಿ ಹಾಕಿದವನು ಚಿಕ್ಕಮಾದು, ಹಾಗೆಯೇ ಬರೆಯುತ್ತೇನೆ ಎಂದರು. ಚಿಕ್ಕಮಾದು ಒಲೆಯ ಹತ್ತಿರ ಸೌದೆ ಹಿಡಿದು ನಿಂತಿದ್ದ. ಅವನಿಗೆ ಏನಾಗುತ್ತಿದೆ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸೌದೆಯನ್ನು ಮೆಲ್ಲಗೆ ಕೆಳಗಿಟ್ಟ.

ಅಷ್ಟು ಹೊತ್ತೂ ಗೋಡೆಗೆ ಒರಗಿ ನಿಂತಿದ್ದ ಪಾಷಾ ಮುಂದೆ ಬಂದರು. ದನಿ ಏರಿಸಲಿಲ್ಲ.

"ಅವನು ನೀವು ಯೋಳ್ದಷ್ಟು ಉರಿ ಹಾಕ್ದ ಸ್ವಾಮಿ. ಅವನ ಹೆಸ್ರು ಬರೆಯಂಗಿದ್ರೆ ಬ್ಯಾಡಿ, ಈಗಾಗ್ಲೇ ಬರ್ದಿರೋ ನನ್ನ ಹೆಸ್ರೇ ಇರ್ಲಿ ಬುಡಿ. ನಂಗೆ ಸಾಕಾಗದೆ, ನಾ ಮನೇಲಿ ಕೂರ್ತೀನಿ."

ಇನ್‌ಸ್ಪೆಕ್ಟರು ಏನೆಂದ ಎಂದು ನನ್ನನ್ನು ಕೇಳಿದರು. ಒಂದೊಂದು ಮಾತನ್ನೂ ಇಂಗ್ಲಿಷಿಗೆ ಮಾಡಿ ಹೇಳಿದೆ. ಅವರು ಟೋಪಿ ತೆಗೆದು ಬೆವರು ಒರೆಸಿಕೊಂಡು ಮ್ಯಾನೇಜರ ಕಡೆ ತಿರುಗಿ, ದಿನಕ್ಕೆ ಮೂರು ಸಲ ಏರಿಸಲು ಹೇಳಿದವರು ಯಾರು ಎಂದು ಕೇಳಿದರು. ಮ್ಯಾನೇಜರು ಬಾನಿಯ ಕಡೆ ನೋಡಿಕೊಂಡು ನಾನೇ ಎಂದರು. ಅವರ ಮೇಲೂ ಬೆಂಗಳೂರಿನಿಂದ ದಿನಾ ತಂತಿ ಬರುತ್ತಿತ್ತು, ಅದನ್ನೂ ಹೇಳಬೇಕು.

ಮಾರನೆಯ ದಿನ ಪಾಷಾ ಅವರಿಗೆ ಕೆಲಸಕ್ಕೆ ಬರಲು ಹೇಳಿ ಕಳಿಸಿದರು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ನಾನು ಅದಕ್ಕೆ ಸಿಟ್ಟು ಮಾಡಿಕೊಂಡೆ, ಅವರಿಂದ ಕಾಗದದ ಮೇಲೆ ಬರೆಸಿಕೊಳ್ಳಬೇಕಿತ್ತು ಎಂದೆ. ಪಾಷಾ ಜಗಲಿಯ ಮೇಲೆ ಕಾಲು ನೀವಿಕೊಳ್ಳುತ್ತಾ, ಕಾಗದ ತಂದು ಏನು ಮಾಡಲಿ, ಹಲಗೆ ಮುಚ್ಚಲು ಬಿಟ್ಟಿದ್ದಾರಲ್ಲ, ಕಣ್ಣಿಗೆ ಘಾಟು ಕಡಿಮೆ ಎಂದರು.

ಇನ್ನೂ ಎರಡು ವರ್ಷ ಅವರು ಅಲ್ಲಿ ದುಡಿದರು. ಬಾನಿ ಮತ್ತೆ ದಿನಕ್ಕೆ ಎರಡೇ ಸಲ ಏರುತ್ತಿತ್ತು. ಒಂದು ಕಂಬಳಿಯೂ ವಾಪಸ್ಸು ಬರಲಿಲ್ಲ. ನಾನು ಶಾಲೆಯಲ್ಲಿ ಉಪ್ಪಿನ ಪಾಠ ಬಂದಾಗಲೆಲ್ಲ ಪುಸ್ತಕದಲ್ಲಿದ್ದದ್ದನ್ನು ಹೇಳಿ, ಆಮೇಲೆ ಪುಸ್ತಕ ಮುಚ್ಚಿಸಿ ಸ್ಪಿರಿಟ್ ದೀಪ ಹಚ್ಚುತ್ತಿದ್ದೆ. ಒಬ್ಬಿಬ್ಬರು ಕಣ್ಣರಳಿಸಿ ನೋಡುತ್ತಿದ್ದರು. ಉಳಿದವರು ಇದು ಪರೀಕ್ಷೆಗೆ ಬರುತ್ತದಾ ಸಾರ್ ಎಂದು ಕೇಳುತ್ತಿದ್ದರು.

ಯುದ್ಧ ಮುಗಿದ ಮೇಲೆ ಖಾಕಿ ಕಂಬಳಿ ಯಾರಿಗೂ ಬೇಡವಾಯಿತು. ೧೯೪೬ರಲ್ಲಿ ಕಾರ್ಖಾನೆ ಮುಚ್ಚಿತು. ಅದೇ ವರ್ಷ ನನಗೆ ಮಂಡ್ಯಕ್ಕೆ ವರ್ಗವಾಯಿತು. ಕೋಣೆ ಬಿಡುವ ದಿನ ರಹೀಮುನ್ನೀಸಾ ಪರದೆಯ ಹಿಂದಿನಿಂದ ಹೋಗಿ ಬನ್ನಿ ಎಂದರು. ಮರುವರ್ಷದ ಬೇಸಿಗೆಯಲ್ಲಿ ಅವರು ಜ್ವರದಿಂದ ತೀರಿಹೋದರು. ಸುದ್ದಿ ನನಗೆ ತಡವಾಗಿ ತಿಳಿಯಿತು. ಪಾಷಾ ಮನೆಗೆ ಬೀಗ ಹಾಕಿ ಬ್ಲಫಿಗೆ ಮಗಳ ಹತ್ತಿರ ಹೋದರಂತೆ.

ಅವರನ್ನು ನಾನು ಕೊನೆಯ ಸಲ ನೋಡಿದ್ದು ೧೯೪೭ರ ನವೆಂಬರಿನಲ್ಲಿ, ಮಳವಳ್ಳಿಯ ಬಸ್ಸು ನಿಲ್ಲುವ ಜಾಗದಲ್ಲಿ. ನಾನು ಪರೀಕ್ಷೆಯ ಕೆಲಸದ ಮೇಲೆ ಹೋಗಿದ್ದೆ. ಅವರು ಮಂಡ್ಯದಲ್ಲಿ ಕಣ್ಣು ತೋರಿಸಿಕೊಂಡು ಬ್ಲಫಿಗೆ ಹೊರಟಿದ್ದರು. ದನಿಯಿಂದ ನನ್ನನ್ನು ಗುರುತು ಹಿಡಿದರು. ಡಾಕ್ಟರು ಏನೆಂದರು ಎಂದು ಕೇಳಿದೆ. ಹಬೆಯಲ್ಲಿ ಕೆಲಸ ಮಾಡಬಾರದು ಅಂದ್ರು, ಈಗ ಯಾವ ಹಬೆ ಇದೆ ಎಂದರು. ಮಗಳು ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಮೊಮ್ಮಗಳು ಕೈ ಹಿಡಿದು ಕಾಲುವೆಯವರೆಗೆ ಕರೆದುಕೊಂಡು ಹೋಗುತ್ತಾಳೆ ಎಂದರು. ಚಿಕ್ಕಮಾದು ಕಬ್ಬಿನ ಗಾಡಿ ಹೊಡೆಯುತ್ತಿದ್ದಾನೆ ಎಂದು ನಾನು ಹೇಳಿದೆ. ಒಳ್ಳೇದಾಯ್ತು ಎಂದರು.

ನಾವು ಕೂತ ಕಟ್ಟೆಗೆ ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಅವರು ತಲೆಗೆ ಟವಲು ಹಾಕಿಕೊಂಡು, ಬಸ್ಸು ಬಂದರೆ ಎಬ್ಬಿಸಿ ಎಂದು ಹೇಳಿ, ನನ್ನ ಭುಜಕ್ಕೆ ಒರಗಿ ನಿದ್ದೆ ಹೋದರು. ಬ್ಲಫಿನ ಬಸ್ಸು ಅರ್ಧ ಗಂಟೆಯಲ್ಲೇ ಬಂತು. ಇನ್ನೊಂದು ಇರುವುದು ಐದು ಗಂಟೆಗೆ. ಕಂಡಕ್ಟರು ಇಳಿದು ಬಂದು, ಅವರನ್ನು ನೋಡಿ, ನನ್ನ ಮುಖ ನೋಡಿದ. ಮಲಗಿರಲಿ, ಐದರದಕ್ಕೆ ಹತ್ತಿಸುತ್ತೇನೆ ಎಂದು ಮೆಲ್ಲಗೆ ಹೇಳಿ, ನಾನು ಹೋಗು ಎಂದು ಕೈ ಮಾಡಿದೆ.